ಮಾಮಾನ ಹೆಸರಿನಲ್ಲಿ ನನ್ನ ಸಾಲು

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ನನ್ನದೊಂದು ಬಿಟ್ಟಿ ಚಾಕರಿ ಇತ್ತು. ಖಾನಾಪುರದ ಮಾಮಾ, ಅಂದರೆ ಅವ್ವನ ಅಣ್ಣ, ಮರಾಠಿಯಲ್ಲಿ ಬರೆಯುತ್ತಿದ್ದ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬಾರದು. ಅನಗೋಳದ ನಮ್ಮ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಯಾರಿಗೂ ಮರಾಠಿ ಓದಲು ಬಾರದು. ಹಾಗಾಗಿ ಅವನು ಬರೆದದ್ದನ್ನೆಲ್ಲ ನಾನು ‘ಮಾಮಾ ಹೇಳಿದ್ದು’ ಎಂದು ಮೇಲೆ ಬರೆದು, ಕನ್ನಡ ಮಾಡಿ ಹಾಕಬೇಕಿತ್ತು.

ಒಮ್ಮೆ ಅವನು ಅಲ್ಲಿನ ಪುಢಾರಿಯೊಬ್ಬನನ್ನು ಚೇಷ್ಟೆ ಮಾಡಿದ: ವರ್ಷವಿಡೀ ದುಡಿಯುವ ಎತ್ತಿಗೆ ಹಬ್ಬದ ದಿನ ಒಂದೇ ಹಾರ, ಇವನಿಗೆ ವಾರಕ್ಕೊಂದು. ನಕ್ಕು ಮರೆಯುವ ಮಾತು. ನನ್ನ ಕೈ ಸುಮ್ಮನಿರಬೇಕಲ್ಲ! ‘ಎತ್ತು ತನ್ನ ಗೋದಲಿಯಲ್ಲಿ ಮೇಯುತ್ತದೆ, ಇವನು ಊರವರ ಹೊಲವನ್ನೇ ಮೇಯುತ್ತಾನೆ’ ಎಂದು ನನ್ನದೊಂದು ಸಾಲು ಸೇರಿಸಿದೆ.

ಯಾರೋ ಅದರ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ಪುಢಾರಿಯ ಹಿಂಬಾಲಕರು ದೂರು ಕೊಟ್ಟರು. ಖಾನಾಪುರದ ಠಾಣೆಯಿಂದ ಮಾಮಾನಿಗೂ ನನಗೂ ಕರೆ ಬಂತು. ನಾನು ಸರ್ಕಾರಿ ಕಚೇರಿಯ ಗುಮಾಸ್ತೆ, ಕೇಸಾದರೆ ಸಸ್ಪೆಂಡ್. ಕಚೇರಿಯಲ್ಲಿ ಊಟದ ಹೊತ್ತಿಗೆ ವಾಕ್ ಸ್ವಾತಂತ್ರ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದವಳು ನಾನೇ. ಖಾನಾಪುರದ ಬಸ್ಸಿನಲ್ಲಿ ದೇಸೂರ ದಾಟುವಷ್ಟರಲ್ಲಿ ಆ ಸಾಲನ್ನು ಇಪ್ಪತ್ತು ಸಲ ಓದಿಕೊಂಡಿದ್ದೆ.

ಠಾಣೆಯಲ್ಲಿ ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು.

“ಎತ್ತಿನ ಹಾರದ ಮಾತು ಇರ್ಲಿ ಬಿಡ್ರಿ. ಹೊಲಾ ಮೇಯ್ತಾನ ಅಂದೀರಲ್ಲ, ಇದು ಕೇಸಿನ ಮಾತು. ಯಾರದಿದು?”

ಮಾಮಾ ಆ ಸಾಲು ಕೇಳಿದ್ದು ಅದೇ ಮೊದಲು. ನನ್ನತ್ತ ತಿರುಗಿ ನೋಡಿದ. ನಾನು ಟೇಬಲ್ಲಿನ ಗಾಜು ನೋಡುತ್ತ ಕೂತೆ.

“ನಂದ ರೀ ಸಾಹೇಬ್ರ,” ಅಂದ. “ಈ ಹುಡುಗಿ ನಾ ಹೇಳಿದ್ದಷ್ಟ ಬರದಾಳ.”

ಎಪ್ಪತ್ತು ದಾಟಿದ ಮುದುಕನೆಂದು ಸಾಹೇಬರು ಕೇಸು ಹಾಕದೆ, ಬೈದು, ತಪ್ಪೊಪ್ಪಿಗೆ ಬರೆಸಿಕೊಂಡು ಬಿಟ್ಟರು. ಅವನು ಮರಾಠಿಯಲ್ಲಿ ಸಹಿ ಹಾಕಿದ.

ಬಸ್ ಸ್ಟ್ಯಾಂಡಿನತನಕ ಮಾಮಾ ಜೊತೆಗೆ ಬಂದ. ನಾನು ಬಸ್ಸು ಹತ್ತುವಾಗ ಮೆಲ್ಲಗೆ ಕೇಳಿದ:

“ಇಷ್ಟ್ ವರ್ಷ ನನ್ನ ಹೆಸರಿನಾಗ ಇನ್ನೂ ಏನೇನ್ ಬರದೀಯವ್ವಾ?”

ಹಾಗೆ ಸೇರಿಸಿದ್ದು ಅದೇ ಮೊದಲಲ್ಲ. ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತ ಒಳಗೆ ಹೋದೆ.

ನೌಕರಿ ಉಳಿಯಿತು. ಮಾಮಾ ಈಗ ಗುಂಪಿನಲ್ಲಿ ಒಂದಕ್ಷರವೂ ಬರೆಯುವುದಿಲ್ಲ. ದಿನಕ್ಕೆ ಹತ್ತು ಸಲ ತೆರೆದು ನೋಡುತ್ತೇನೆ. ‘ಮತ್ತ ಬರಿ, ಮಾಮಾ’ ಎಂದು ಹೇಳುವ ಮುಖ ನನಗಿಲ್ಲ.