ಗುಲಾಬಿ ಚಿಟಿಕೆ

ಮನೆಗೆ ಬಂದು ಕನ್ನಡಿ ನೋಡಿದಾಗಲೂ ನನ್ನ ನಾಲಿಗೆಯ ತುದಿ ಕಡು ಗುಲಾಬಿಯಾಗಿಯೇ ಇತ್ತು. ಉಪ್ಪಿನಿಂದ ಉಜ್ಜಿದೆ, ಬೂದಿಯಿಂದ ಉಜ್ಜಿದೆ. ಹೋಗಲಿಲ್ಲ.

ನಾನು ಚಿಕ್ಕವಳಿದ್ದಾಗ, ತೆಲಂಗಾಣ ಹೊಸ ರಾಜ್ಯವಾದ ವರ್ಷ, ಕರ್ನಾಟಕದ ಗಡಿಗೆ ಅಂಟಿದ ಮಕ್ತಲ್ ಕಡೆಯ ನಮ್ಮ ಊರು ಹಿನ್ನೀರಿನಲ್ಲಿ ಮುಳುಗಿತು. ಊರವರು ದಿಕ್ಕಿಗೊಬ್ಬರಾದರು. ಅವ್ವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಕುರಿಗಳನ್ನು ಹೊಡೆದುಕೊಂಡು, ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಬಂದು ಗದ್ವಾಲದ ಅಂಚಿನಲ್ಲಿ ತಗಡಿನ ಮನೆ ಹೂಡಿದ. ಹಳೆಯ ಊರಿನಲ್ಲಿ ನಾನು ಕನ್ನಡ ಶಾಲೆಗೆ ಹೋಗುತ್ತಿದ್ದೆ. ಇಲ್ಲಿ ಗೋಡೆಯ ಮೇಲೆ, ಪುಸ್ತಕದಲ್ಲಿ, ಮಕ್ಕಳ ಬಾಯಲ್ಲಿ ಎಲ್ಲವೂ ತೆಲುಗು. ಅಪ್ಪನಿಗೆ ಸಂತೆಯ ತೆಲುಗಾದರೂ ಬರುತ್ತಿತ್ತು. ನನಗೆ ಅದೂ ಇಲ್ಲ.

ಶಾಲೆಯ ಮೊದಲ ದಿನ ಅಕ್ಕ ಭಂಡಾರದ ಚೀಲ ತೆಗೆದಳು. ಭಂಡಾರವೆಂದರೆ ನಮ್ಮ ಬೀರಪ್ಪ ದೇವರ ಅರಿಶಿನ ಪುಡಿ. ಮನೆಯಿಂದ ಹೊರಡುವವರ ಹಣೆಗೆ ಅದನ್ನು ಹಚ್ಚಿ, ಒಂದು ಚಿಟಿಕೆ ನಾಲಿಗೆಯ ಮೇಲಿಡುತ್ತೇವೆ. ದೇವರ ಮುಂದೆ ಎರಚಿದಾಗ ಮೈಮೇಲೆ ಬಿದ್ದದ್ದನ್ನು ಕೊಡವಬಾರದು. ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಳ್ಳಬೇಕು.

ಅಂದು ಶಾಲೆಯಲ್ಲಿ ಹೊಸ ರಾಜ್ಯದ ಸಂಭ್ರಮ. ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದರು. ಮೇಷ್ಟ್ರು ತಟ್ಟೆಯಿಂದ ಗುಲಾಬಿ ಪುಡಿ ಹಿಡಿದು ಎಲ್ಲರ ಮೇಲೆ ಎರಚಿದರು. ನಮ್ಮ ದೇವರದು ಹಳದಿ, ಈ ಊರಿನ ದೇವರದು ಗುಲಾಬಿ ಇರಬೇಕು ಅಂದುಕೊಂಡೆ. ಚಪ್ಪಲಿ ಬಿಟ್ಟು, ಅಂಗೈಗೆ ಬಿದ್ದದ್ದನ್ನು ಕಣ್ಣಿಗೊತ್ತಿ ನಾಲಿಗೆಯ ಮೇಲಿಟ್ಟೆ. ಬಳಪದಂತೆ ಒಣಗಿದ ಕಹಿ.

“ಅರೇ, ಈ ಪಿಲ್ಲ ರಂಗು ತಿಂಟಾಂದಿ!”

ಈ ಹುಡುಗಿ ಬಣ್ಣ ತಿನ್ನುತ್ತಿದ್ದಾಳೆ ಎಂದು ಪಕ್ಕದವಳು ಕೂಗಿದಳು. ಅಷ್ಟು ತೆಲುಗು ನನಗೂ ಅರ್ಥವಾಯಿತು. ಹಲಗೆ ನಿಂತಿತು, ನಗು ಶುರುವಾಯಿತು. ಮೇಷ್ಟ್ರು ಬೈಯಲಿಲ್ಲ, ನೀರು ತರಿಸಿ, ಎಲ್ಲರೆದುರು ಬಾಯಿ ಮುಕ್ಕಳಿಸಲು ಸನ್ನೆ ಮಾಡಿದರು. ಅದು ಪ್ರಸಾದ ಅಂದುಕೊಂಡೆ ಎಂದು ಹೇಳಲು ನನ್ನ ಬಳಿ ಮಾತಿರಲಿಲ್ಲ. ಸಂಜೆಯವರೆಗೂ ಯಾರೂ ನನ್ನ ಹೆಸರು ಕೇಳಲಿಲ್ಲ. ನಾಲಿಗೆ ತೋರಿಸು ಎಂದಷ್ಟೇ ಸನ್ನೆ ಮಾಡಿದರು.

“ನಾ ಸಾಲಿಗಿ ಹೋಗಂಗಿಲ್ಲ,” ಅಂದೆ ಮನೆಯಲ್ಲಿ.

“ಬ್ಯಾಡಾದ್ರ ಬಿಡವ್ವ. ನಾಳಿಗಿ ಕುರಿ ಮೇಸಾಕ ಬಾ,” ಅಂದ ಅಪ್ಪ. “ಕುರಿ ಏನ್ ನಗಂಗಿಲ್ಲ.”

ಅಪ್ಪನ ಮಾತಿಗೆ ಅಕ್ಕ ನಗಲಿಲ್ಲ. ಊರು ಬಿಟ್ಟಾಗಲೇ ಶಾಲೆಯನ್ನೂ ಬಿಟ್ಟವಳು ಅವಳು.

“ನಂದಂತೂ ಮುಗೀತು. ನೀನೂ ಮನ್ಯಾಗ ಕುಂತ್ರ ಬಸ್ಸಿನ ಬೋರ್ಡು ಓದೋರು ಯಾರ? ಅಪ್ಪ ಇಟಿಕ್ಯಾಲಕ್ಕಂತ ಹತ್ತಿ ಕರ್ನೂಲಿನ್ಯಾಗ ಇಳಿತಾನ, ನೋಡು.”

ಅಪ್ಪ ಬೀಡಿ ಹುಡುಕಿದ. ಹಾಗೆ ಒಮ್ಮೆ ಇಳಿದಿದ್ದ.

ಈಗ ಅಕ್ಕನ ಮಕ್ಕಳು ಅದೇ ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಎರಡರಲ್ಲೂ ಚೆನ್ನಾಗಿ ಜಗಳವಾಡುತ್ತಾರೆ. ಹಣೆಯ ಭಂಡಾರ ಬೆವರಿಗೆ ಇಳಿದರೂ ಒರೆಸಿಕೊಳ್ಳುವುದಿಲ್ಲ. ರಾಜ್ಯದ ಹಬ್ಬದ ದಿನ ಗುಲಾಬಿ ಮುಖ ಹೊತ್ತು ಬಂದು, “ಚಿಗವ್ವಾ, ಅದರ ರುಚಿ ಹ್ಯಾಂಗಿತ್ತು?” ಎಂದು ಕೇಳುತ್ತಾರೆ. ರುಚಿ ಹೇಳಿದ್ದೇನೆ. ಮರುದಿನದ್ದನ್ನು ಹೇಳಿಲ್ಲ.

ಮರುದಿನ ಬೆಳಿಗ್ಗೆ ನಾನು ಪಾಟಿಚೀಲ ಹೆಗಲಿಗೆ ಹಾಕಿಕೊಂಡೆ. ಅಕ್ಕ ಹಣೆಗೆ ಭಂಡಾರ ಹಚ್ಚಿ, ಚಿಟಿಕೆಯನ್ನು ನನ್ನ ಬಾಯಿಯ ಬಳಿ ತಂದಳು. ನಾನು ಹಲ್ಲು ಕಚ್ಚಿ ನಿಂತೆ. ಅವಳು ಸ್ವಲ್ಪ ಕಾದು, ಆ ಚಿಟಿಕೆಯನ್ನು ತನ್ನ ನಾಲಿಗೆಯ ಮೇಲೆ ಇಟ್ಟುಕೊಂಡಳು. ಶಾಲೆಯ ನಲ್ಲಿಯಲ್ಲಿ ನಾನು ಹಣೆ ತೊಳೆದುಕೊಂಡೆ. ಒದ್ದೆ ಮುಖದಲ್ಲೇ ಒಳಗೆ ಹೋಗಿ ಕೂತೆ.