ಹಕ್ಕಿ ಕೆರೆಯಲ್ಲಿ ಸದ್ದೇ ಇರಲಿಲ್ಲ

ನನ್ನ ಗಂಡನದು ಹೋಟೆಲ್ ಗಂಟಲು. ಕುಂದಾಪುರದಿಂದ ಮದ್ರಾಸಿಗೆ ಬಂದ ಹೊಸತರಲ್ಲಿ ಸಪ್ಲೈಯರ್ ಆಗಿ, ‘ಎರಡು ರವಾ, ಒಂದು ಸಾದಾ’ ಅಂತ ಒಳಗಿನ ಭಟ್ಟರಿಗೆ ಕೂಗಿ ಕೂಗಿ ಪಳಗಿದ್ದು. ಈಗ ಪುರಸೈವಾಕ್ಕಂನಲ್ಲಿ ಸ್ವಂತ ಹೋಟೆಲುಂಟು, ಕೂಗುವ ಕೆಲಸ ಬೇರೆಯವರದು. ಆದರೂ ಮಹಡಿಯ ಮೇಲಿನ ಮನೆಗೆ ಬಂದು, ನನ್ನ ಪಕ್ಕದಲ್ಲೇ ಕೂತು, ‘ನೀರು ಕೊಡು’ ಅಂತ ಕಿರುಚುತ್ತಿದ್ದರು. ವಯಸ್ಸಾದ ಹಾಗೆ ಅದು ಹೆಚ್ಚೇ ಆಯ್ತು. ‘ನಾನೇನು ಎಗ್ಮೋರ್ ಸ್ಟೇಷನ್ನಿನಲ್ಲಿದ್ದೇನಾ ಮಾರಾಯ್ರೆ?’ ಅಂತ ನೆಂಟರೆದುರೇ ಬೈದಿದ್ದೇನೆ. ಸುಮ್ಮನೆ ನಗುತ್ತಿದ್ದರು. ಅದಕ್ಕೆ ನನಗೆ ಇನ್ನೂ ಸಿಟ್ಟು.

ಹೋದ ಜನವರಿಯಲ್ಲಿ ಹಟ ಹಿಡಿದೆ. ಒಂದೇ ಒಂದು ದಿನ, ಸದ್ದಿಲ್ಲದ ಜಾಗದಲ್ಲಿ ನನ್ನನ್ನು ಕೂರಿಸಿ, ಇಲ್ಲದಿದ್ದರೆ ತಲೆ ಕೆಟ್ಟುಹೋಗ್ತದೆ ಅಂದೆ. ಹೋಟೆಲಿಗೆ ರಜೆಯಿದ್ದ ಸೋಮವಾರ ಚೆಂಗಲ್ಪಟ್ಟಿನ ಆಚೆಗಿನ ಹಕ್ಕಿ ಕೆರೆಗೆ ಹೊರಟೆವು. ಅಲ್ಲಿಯವರು ದೀಪಾವಳಿಗೂ ಪಟಾಕಿ ಹೊಡೆಯುವುದಿಲ್ಲವಂತೆ, ಹಕ್ಕಿಗಳು ಬೆದರಿ ಊರು ಬಿಟ್ಟಾವು ಅಂತ. ಅಂಥವರ ಊರಲ್ಲಿ ಒಂದು ಹೊತ್ತು ಕೂತು ಬರಬೇಕು ಅಂತ ನನಗೆ ಆಸೆ.

ಕೆರೆ ಏರಿ ಹತ್ತಿದ್ದೇ ತಡ, ‘ಇಲ್ಲಿ ಬಾ, ನೆರಳುಂಟು!’ ಅಂತ ಇವರು ಕೂಗಿದರು. ಕಡಲೆಕಾಯಿ ಮಾರುವ ಅಜ್ಜಿಯೊಬ್ಬಳು ಎದ್ದು ಬಂದು, ತುಟಿಯ ಮೇಲೆ ಬೆರಳಿಟ್ಟು, ಇವರನ್ನು ದುರುಗುಟ್ಟಿ ನೋಡಿದಳು. ಬೇಕಿತ್ತು ಇವರಿಗೆ! ನನಗೆ ಒಳಗೊಳಗೇ ಖುಷಿ.

ಮತ್ತೆ ಇವರು ಗಟ್ಟಿ ಸ್ವರ ತೆಗೆಯಲಿಲ್ಲ. ನೀರಿನ ನಡುವಿನ ಮರಗಳ ತುಂಬ ಬಿಳಿ ಪಂಚೆ ಒಣಹಾಕಿದ ಹಾಗೆ ಕೊಕ್ಕರೆಗಳು. ಗೂಡುಗಳಲ್ಲಿ ಬಾಯಿ ತೆರೆದ ಮರಿಗಳು. ಅಬ್ಬಾ, ಎಂಥ ನೆಮ್ಮದಿ ಅದು! ಮದುವೆಯಾದ ಮೇಲೆ ಅಷ್ಟು ಹಾಯಾಗಿ ಕೂತದ್ದೇ ನೆನಪಿಲ್ಲ. ಕಣ್ಣಲ್ಲಿ ನೀರು ಬಂತು.

ಅಜ್ಜಿ ಎದುರು ಕೂತು ಕಡಲೆಕಾಯಿ ಅಳೆಯುವಾಗ ತಮಿಳಿನಲ್ಲೇ ಹೇಳಿದೆ, ‘ಪುಣ್ಯವಂತರಮ್ಮ ನೀವು. ಒಂದು ಸದ್ದಿಲ್ಲ.’

ಅವಳು ಗೊಳ್ಳೆಂದು ನಕ್ಕು, ನನ್ನ ಮುಖದ ಹತ್ತಿರಕ್ಕೇ ಬಾಗಿದಳು. ‘ಸದ್ದಿಲ್ಲವಾ? ಈ ಮರಿಗಳ ಚೀರಾಟಕ್ಕೆ ನಮಗೆ ಬೆಳಗಿನ ನಿದ್ದೆಯೇ ಇಲ್ಲ. ಈಗಲೂ ಕೇಳು!’

ಕಿವಿಗೊಟ್ಟೆ. ಮರಿಗಳ ಬಾಯಿ ಆಡುತ್ತಿತ್ತು. ಏನೂ ಕೇಳಲಿಲ್ಲ. ಗಾಬರಿಯಾಗಿ ಇವರ ಕಡೆ ತಿರುಗಿದರೆ ಇವರೂ ಏನೋ ಹೇಳುತ್ತಿದ್ದರು, ಅಲ್ಲಿಯವರ ಹಾಗೆ ಮೆಲ್ಲಗೆ. ಬರೀ ತುಟಿ ಕಂಡಿತು.

‘ನನ್ನ ಕಿವಿ ಹೀಗೆ ಅಂತ ನಿಮಗೆ ಗೊತ್ತಿತ್ತಾ?’

ಇವರು ನನ್ನ ಕಿವಿಗೆ ಬಾಯಿ ತಂದು ಹೇಳಿದರು. ‘ಮೂರು ವರ್ಷ ಆಯ್ತು. ಹೇಳಿದರೆ ನೀನು ಕುಗ್ಗಿ ಹೋಗ್ತಿ ಅಂತ ಸುಮ್ಮನಿದ್ದೆ ಮಾರಾಯ್ತಿ.’

ಮೂರು ವರ್ಷ! ಅಷ್ಟೂ ದಿನ ನನ್ನಿಂದ ಬೈಸಿಕೊಂಡು ನಕ್ಕಿದ್ದರಲ್ಲ ಈ ಮನುಷ್ಯ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮರದ ಕಡೆ ಕೈ ತೋರಿಸಿ, ‘ಆ ಮರಿಗಳು ಹೇಗೆ ಕೂಗ್ತಾವೆ?’ ಅಂತ ಕೇಳಿದೆ.

ಇವರು ಸುತ್ತ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಯಿಗೆ ಅಂಗೈ ಮರೆಮಾಡಿ, ಕೊಕ್ಕರೆ ಮರಿಯ ಹಾಗೆ ಕೂಗಿ ತೋರಿಸಿದರು.