ಹುಲ್ಲು ಹೊದ್ದು ಮಲಗಿದ ಮೊಳಕೆ

ಸಮಸ್ತ ಓದುಗರಿಗೆ ಗಂಭೀರವಾಗಿ ತಿಳಿಸುವುದೇನೆಂದರೆ, ಇಂದು ಬಳ್ಳಾರಿಯ ಅಕ್ಕಿ ಅಂಗಡಿಯೊಂದರ ಮುಂದೆ ಒಂದು ಗೋಣಿಚೀಲ ಮಳೆಯಲ್ಲಿ ನೆನೆದಿದೆ. ಆ ವಾಸನೆಗೆ ನನಗೆ ‘ಮೊಳಕೆ’ ಎಂಬ ಪದ ನೆನಪಾಯಿತು. ‘ಮೊಳೆ’ ಎಂಬ ಹಳೆಯ ಕ್ರಿಯಾಪದದ ಮಗಳು ಅದು. ಭತ್ತ ಬಾಯಿಬಿಟ್ಟರೂ ಮೊಳಕೆ, ತಲೆಯಲ್ಲಿ ವಿಚಾರ ಹುಟ್ಟಿದರೂ ಮೊಳಕೆ.

ಸಿರುಗುಪ್ಪದಲ್ಲಿ ನಮ್ಮಜ್ಜಿ ಬಿತ್ತನೆಯ ಭತ್ತ ನೆನೆಸಿ, ಚೀಲಕ್ಕೆ ತುಂಬಿ, ಹುಲ್ಲು ಹೊದಿಸಿ ಮಲಗಿಸುತ್ತಿದ್ದಳು. ನಾನು ಕೈ ಹಾಕಿದರೆ ಬೈಗುಳ: “ಮುಟ್ಟಬ್ಯಾಡಲೇ, ಅದಕ್ಕ ವಿಚಾರ ಹುಟ್ಟಾಕತ್ತೈತಿ. ನಿನಗ ಯಾವಾಗ ಹುಟ್ಟತೈತೋ.”

ಒಂದು ವರ್ಷ, ಭತ್ತವನ್ನು ಹಾಗೆ ಮಲಗಿಸಿದ ಮರುದಿನವೇ, ಅಜ್ಜಿ ತೀರಿಕೊಂಡಳು. ಅವಳ ಕೈ ತಣ್ಣಗಿತ್ತು. ಹೆದರಿ ಹಿತ್ತಲಿಗೆ ಓಡಿ ಚೀಲ ಮುಟ್ಟಿದೆ. ಮೊಳೆಯುವ ಭತ್ತದ ಕಾವಿಗೆ ಅದು ಜ್ವರ ಬಂದವರ ಮೈಯಂತೆ ಬೆಚ್ಚಗಿತ್ತು.

ಮಣ್ಣು ಮಾಡಿ ಬಂದ ಸಂಜೆ ಅಜ್ಜ ಚೀಲ ಎತ್ತಿದ. ಸೋದರತ್ತೆ ತಡೆದಳು: “ಇವತ್ತ ಬಿತ್ತಾಕ ಹೊಂಟೀಯೇನಪ್ಪಾ? ಮಂದಿ ಏನಂತಾರ?”

“ಮಂದಿ ಕಾಯ್ತಾರವ್ವಾ, ಮೊಳಕಿ ಕಾಯಂಗಿಲ್ಲ. ಆಕಿ ಮಲಗಿಸಿದ್ದು ಕೊಳೀಬಾರದು.”

ಆ ವರ್ಷದ ಅನ್ನ ಬಿಸಿಯಾಗಿ ತಟ್ಟೆಗೆ ಬಿದ್ದಾಗಲೆಲ್ಲ ನಾನು ಮೊದಲು ಅಂಗೈಯಿಂದ ಮುಟ್ಟಿ ನೋಡುತ್ತಿದ್ದೆ.

ಸಿರುಗುಪ್ಪ ಕಡೆ ಹೋಗುವವರಿಗೊಂದು ಕೋರಿಕೆ: ಯಾರದಾದರೂ ಹಿತ್ತಲಲ್ಲಿ ಇಂಥ ಚೀಲ ಕಂಡರೆ, ಮನೆಯವರನ್ನು ಕೇಳಿ, ನನ್ನ ಪರವಾಗಿ ಒಂದು ಗಳಿಗೆ ಕೈ ಇಟ್ಟು ಬನ್ನಿ.